ಬಡಾವಣೆ ಸಂಘಕ್ಕೆ ಬಾಡಿಗೆಯವರು ದುಡ್ಡು ಕೊಡಬೇಕು, ಸಭೆಗೆ ಮಾತ್ರ ಬರಬಾರದು. ಇದು ಸರೀನಾ?

ಮೊದಲಮಹಡಿ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ದಕ್ಷಿಣದ ಕಡೆ ಒಂದು ಹಳೇ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಬಡಾವಣೆಗೆ ಬಾಡಿಗೆಗೆ ಬಂದಿದ್ದೇವೆ. 30×40 ಸೈಟು, ಮೂರು ಮಹಡಿ, ಮೂರೂ ಬಾಡಿಗೆಗೇ. ಓನರ್ ಇರುವುದು ಶಿವಮೊಗ್ಗದಲ್ಲಿ. ಹೋದ ಭಾನುವಾರ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘದಿಂದ ಇಬ್ಬರು ಹಿರಿಯರು ರಸೀದಿ ಪುಸ್ತಕ ಹಿಡಿದು ಬಂದರು. ಮನೆಗೆ ವರ್ಷಕ್ಕೆ 1200 ರೂಪಾಯಿ. ರಾತ್ರಿ ವಾಚ್‌ಮನ್, ಪಾರ್ಕ್, ಗಣೇಶ, ರಾಜ್ಯೋತ್ಸವ ಎಲ್ಲ ಸೇರಿ ಅಂದರು. ಕೊಡೋದಕ್ಕೆ ಬೇಜಾರಿಲ್ಲ. ಸಭೆ ಯಾವಾಗ ಇರುತ್ತದೆ ಅಂತ ಕೇಳಿದೆ. "ಸಭೆ ಓನರ್‌ಗಳಿಗೆ ಮಾತ್ರಮ್ಮ. ನಿಮಗೇನಾದರೂ ತೊಂದರೆ ಇದ್ದರೆ ಓನರ್ ಹತ್ತಿರ ಹೇಳಿ, ಅವರು ನಮಗೆ ಹೇಳುತ್ತಾರೆ" ಅಂದರು.

ಬೀದಿ ಕೊನೆಯಲ್ಲಿ ಒಂದು ಟ್ರಾನ್ಸ್‌ಫಾರ್ಮರ್ ಇದೆ. ಅದರ ಕೆಳಗೆ ದಿನಾ ಕಸದ ರಾಶಿ. ಜೋರು ಮಳೆ ಬಂದರೆ ನಮ್ಮ ಗೇಟಿನ ಮುಂದಿನ ಮ್ಯಾನ್‌ಹೋಲ್ ಉಕ್ಕಿ ಗಲೀಜು ನೀರು ಒಳಗೆ ಬರುತ್ತದೆ. ಇದನ್ನು ನಾನು ಶಿವಮೊಗ್ಗಕ್ಕೆ ಹೇಳಬೇಕು, ಅವರು ಅಲ್ಲಿಂದ ನಮ್ಮ ಎದುರು ಮನೆಯವರಿಗೆ ಹೇಳಬೇಕು. ನಿಮ್ಮ ಕಡೆ ಹೇಗಿದೆ? ದುಡ್ಡು ಕೊಡಲೇಬೇಕು ಅಂತ ಕಾನೂನು ಇದೆಯಾ?

ಕಾರ್ನರ್‌ಸೈಟ್:
ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ಬಾಡಿಗೆಯವರು 11 ತಿಂಗಳ ಅಗ್ರಿಮೆಂಟ್ ಮೇಲೆ ಬರುತ್ತಾರೆ, ಹೋಗುತ್ತಾರೆ. ನಾವು ಇಲ್ಲಿ ಮಣ್ಣಿನ ರಸ್ತೆ ಇದ್ದಾಗಿಂದ ಇದ್ದೇವೆ. ಬೋರ್‌ವೆಲ್ ನೀರು, ಸಂಜೆ ಆದರೆ ಹಾವು, ಬಸ್ಸಿಗೆ ಮುಖ್ಯರಸ್ತೆವರೆಗೆ ನಡೆಯಬೇಕು, ಎಲ್ಲ ನೋಡಿದ್ದೇವೆ. ಪಾರ್ಕಿಗೆ ಬೇಲಿ ಹಾಕಿಸಲು ಕಚೇರಿಗೆ ಅಲೆದವರು ನಾವು. ಈಗ ಬಂದವರು ಬಂದ ಕೂಡಲೇ ಓಟು ಕೇಳಿದರೆ ಹೇಗೆ? ಟ್ರಾನ್ಸ್‌ಫಾರ್ಮರ್ ಕೆಳಗಿನ ಕಸ ಯಾರದ್ದು ಅಂತ ಸಿಸಿಟಿವಿ ಹಾಕಿ ನೋಡಿದ್ದೇವೆ. ಹತ್ತಕ್ಕೆ ಎಂಟು ಜನ ಬಾಡಿಗೆಯವರೇ.

ವಕೀಲ_ಪಕ್ಕದಬೀದಿ:
ಕಾನೂನಿನ ಮಾತು ಮೊದಲು ಮುಗಿಸಿಬಿಡೋಣ.

ಅಪಾರ್ಟ್‌ಮೆಂಟ್ ಬೇರೆ, ಬಡಾವಣೆ ಬೇರೆ. ಅಪಾರ್ಟ್‌ಮೆಂಟಿನಲ್ಲಿ ಲಿಫ್ಟು, ಸಂಪು, ಮೆಟ್ಟಿಲು, ಟೆರೇಸು ಎಲ್ಲರಿಗೂ ಸೇರಿದ್ದು. ಅಲ್ಲಿಗೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ. ಮೇಂಟೆನೆನ್ಸ್ ಕೊಡಲ್ಲ ಅಂದರೆ ನಡೆಯುವುದಿಲ್ಲ. ಬಿಡಿಎ ಬಡಾವಣೆಯಲ್ಲಿ ರಸ್ತೆ, ಪಾರ್ಕು, ಚರಂಡಿ ಯಾವುದೂ ಸಂಘದ ಆಸ್ತಿ ಅಲ್ಲ. ಸಂಘ ಅಂದರೆ ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಕೆಳಗೆ ನೋಂದಾಯಿಸಿದ ಒಂದು ಗುಂಪು. ಏಳು ಜನ ಸೇರಿದರೆ ಒಂದು ಸಂಘ ಮಾಡಬಹುದು. ಒಂದೇ ಬಡಾವಣೆಯಲ್ಲಿ ಜಗಳವಾಡಿಕೊಂಡು ಎರಡು ಸಂಘ ಆಗಿರುವುದನ್ನೂ ನೋಡಿದ್ದೇನೆ. ಇಂಥ ಸಂಘಕ್ಕೆ ಸೇರುವುದು, ಬಿಡುವುದು ನಿಮ್ಮ ಇಷ್ಟ. ಚಂದಾ ಕೊಡಲಿಲ್ಲ ಅಂತ ಯಾರೂ ನಿಮ್ಮ ನೀರು ನಿಲ್ಲಿಸುವ ಹಾಗಿಲ್ಲ, ಗೇಟಿನಲ್ಲಿ ತಡೆಯುವ ಹಾಗಿಲ್ಲ.

ಸದಸ್ಯರು ಯಾರು ಅನ್ನುವುದನ್ನು ಸಂಘದ ಬೈಲಾ, ಅಂದರೆ ಸಂಘ ತನಗೆ ಬರೆದುಕೊಂಡ ನಿಯಮಾವಳಿ, ಹೇಳುತ್ತದೆ. ಓನರ್ ಮಾತ್ರ ಅಂತ ಬರೆದುಕೊಂಡಿದ್ದರೆ ಅದು ಅವರ ಬೈಲಾ. ಅದನ್ನು ತಿದ್ದಬಹುದು. ಆದರೆ ದುಡ್ಡು ತೆಗೆದುಕೊಂಡು ಲೆಕ್ಕ ಕೊಡಲ್ಲ ಅನ್ನುವುದು ಸರಿಯಲ್ಲ. ಪ್ರತಿ ವರ್ಷ ವಾರ್ಷಿಕ ಸಭೆ ಮಾಡಬೇಕು. ಆಡಳಿತ ಮಂಡಳಿಯ ಪಟ್ಟಿ, ಆಡಿಟ್ ಆದ ಲೆಕ್ಕ ಎರಡನ್ನೂ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಎಷ್ಟೋ ಸಂಘಗಳು ವರ್ಷಗಟ್ಟಲೆ ಸಲ್ಲಿಸಿರುವುದಿಲ್ಲ. ರಸೀದಿ ಪುಸ್ತಕದ ಮೇಲೆ ನೋಂದಣಿ ಸಂಖ್ಯೆ ಇದೆಯಾ ನೋಡಿ. ಇದ್ದರೆ ಅರ್ಧ ನಂಬಿಕೆ.

ಮೊದಲಮಹಡಿ:
ಸಂಖ್ಯೆ ಇದೆ ಸರ್. ನೀಲಿ ಸೀಲೂ ಇದೆ. ಲೆಕ್ಕ ಕೇಳುವ ಧೈರ್ಯ ಬರಲಿಲ್ಲ, ಇಬ್ಬರೂ ನನ್ನ ಅಪ್ಪನ ವಯಸ್ಸಿನವರು.

ಡಲ್ಲಾಸ್_ಗೌಡ್ರು:
ಲೆಕ್ಕ ಕೇಳೋಕೆ ಹೆದರಬೇಡಿ. ಇಲ್ಲಿ ಟೆಕ್ಸಾಸ್‌ನಲ್ಲಿ ಹೋಮ್ ಓನರ್ಸ್ ಅಸೋಸಿಯೇಷನ್ ಅಂದರೆ ಏನು ಗೊತ್ತಾ? ಹುಲ್ಲು ಸ್ವಲ್ಪ ಉದ್ದ ಬೆಳೆದರೆ ನೋಟಿಸ್. ಬೇಲಿಗೆ ಬೇರೆ ಬಣ್ಣ ಹೊಡೆದರೆ ನೋಟಿಸ್. ಬಾಕಿ ಕಟ್ಟದೇ ಇದ್ದರೆ ಮನೆ ಮೇಲೇ ಹಕ್ಕು ಹಾಕಿ ಹರಾಜಿನವರೆಗೂ ಹೋಗಬಹುದು. ನಿಮ್ಮ ಇಬ್ಬರು ಹಿರಿಯರು ರಸೀದಿ ಹಿಡಿದು ಬಂದು ಕಾಫಿ ಕುಡಿದು ಹೋದರಲ್ಲ, ಅದೇ ಪುಣ್ಯ.

ಮೂಲೆಮನೆ_ಅಕ್ಕ:
ಕಾರ್ನರ್‌ಸೈಟ್ ಅಣ್ಣ, ಎಂಟು ಜನ ಬಾಡಿಗೆಯವರು ಅಂದಿರಿ. ಇರಬಹುದು. ಯಾಕೆ ಅಂತ ಕೇಳಿದಿರಾ?

ನಮ್ಮ ಬೀದಿಗೆ ಕಸದ ಆಟೋ ಬೆಳಗ್ಗೆ ಆರೂ ಮುಕ್ಕಾಲಿನಿಂದ ಏಳೂವರೆ ಒಳಗೆ ಯಾವಾಗಲೋ ಬರುತ್ತದೆ. ಹಾಡು ಹಾಕಿಕೊಂಡು ಬರುತ್ತೆ, ಎರಡು ನಿಮಿಷ ನಿಲ್ಲುತ್ತೆ, ಹೋಗುತ್ತೆ. ಎರಡನೇ ಮಹಡಿಯಲ್ಲಿರುವ ಹುಡುಗರು ರಾತ್ರಿ ಪಾಳಿ ಮುಗಿಸಿ ಐದಕ್ಕೆ ಮಲಗಿರುತ್ತಾರೆ. ಕೆಳಗೆ ಡಬ್ಬ ಇಡಲು ಓನರ್ ಬಿಡುವುದಿಲ್ಲ, ಗೇಟಿನ ಮುಂದೆ ಅಸಹ್ಯ ಕಾಣುತ್ತದಂತೆ. ಹಸಿ ಕಸ ಮೂರು ದಿನ ಮನೆಯೊಳಗೆ ಇಟ್ಟುಕೊಳ್ಳೋಕೆ ಆಗುತ್ತಾ? ಬೈಕಿನ ಹ್ಯಾಂಡಲ್‌ಗೆ ನೇತುಹಾಕಿಕೊಂಡು ಹೋಗಿ ಟ್ರಾನ್ಸ್‌ಫಾರ್ಮರ್ ಕೆಳಗೆ ಬಿಸಾಕುತ್ತಾರೆ. ಬೆಂಗಳೂರಿನ ಬ್ಲ್ಯಾಕ್ ಸ್ಪಾಟ್ ಎಷ್ಟೋ ಹುಟ್ಟುವುದೇ ಹೀಗೆ.

ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವುದೇ. ಒಂದು ದಿನ ಪೂರ್ತಿ ತೆಗೆಸಿದೆವು, ಬ್ಲೀಚಿಂಗ್ ಪೌಡರ್ ಹಾಕಿಸಿದೆವು, ರಂಗೋಲಿ ಬಿಟ್ಟೆವು, ನಾಲ್ಕು ಹೂಕುಂಡ ಇಟ್ಟೆವು. ಗೋಡೆಗೆ ದೇವರ ಫೋಟೋ ಟೈಲ್ಸ್ ಅಂಟಿಸೋಣ ಅಂತ ಒಬ್ಬರು ಹೇಳಿದರು, ನಾನು ಬೇಡ ಅಂದೆ. ದೇವರ ಮುಂದೆ ಕಸ ಬೀಳುವುದನ್ನು ನೋಡೋದು ಇನ್ನೂ ಕಷ್ಟ. ಒಂದು ವಾರದಲ್ಲಿ ಹೂಕುಂಡಗಳೇ ಕಾಣೆ.

ಆಮೇಲೆ ಏನು ಮಾಡಿದೆವು ಅಂದರೆ, ಬೀದಿಯಲ್ಲಿ ಬಾಡಿಗೆಗೆ ಇರುವ ಎಲ್ಲ ಮನೆಗಳಿಗೂ ನಾನು ಮತ್ತು ಎದುರು ಮನೆಯ ಹುಡುಗಿ ಹೋದೆವು. ಎರಡು ಡಬ್ಬ, ಒಂದು ಚೀಲ ಅಂತ 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತಲ್ಲ, ಹಸಿರು ಡಬ್ಬದಲ್ಲಿ ಹಸಿ, ಕೆಂಪು ಡಬ್ಬದಲ್ಲಿ ಡೈಪರ್, ಪ್ಯಾಡ್ ಥರದ್ದು, ಚೀಲದಲ್ಲಿ ಒಣ ಕಸ. ಇದು ಬಾಡಿಗೆ ಮನೆಗಳಲ್ಲಿ ಜಾಸ್ತಿ ಜನಕ್ಕೆ ಯಾರೂ ಹೇಳಿರಲೇ ಇಲ್ಲ. ಅಗ್ರಿಮೆಂಟಿನಲ್ಲಿ ಮೊಳೆ ಹೊಡೆಯಬಾರದು, ಮಾಂಸ ಬೇಯಿಸಬಾರದು ಅಂತ ಬರೆಯುತ್ತಾರೆ. ಕಸದ ಗಾಡಿ ಎಷ್ಟು ಹೊತ್ತಿಗೆ ಬರುತ್ತೆ ಅಂತ ಬರೆಯಲ್ಲ. ಬೆಳಗ್ಗೆ ಏಳಲಾಗದವರಿಗೆ ಅಂತ ಎರಡು ಮನೆ ಗೊತ್ತುಮಾಡಿದೆವು, ರಾತ್ರಿ ಅಲ್ಲಿ ಗೇಟಿನ ಒಳಗೆ ಡಬ್ಬ ಇಟ್ಟು ಹೋಗಬಹುದು. ನಮ್ಮದು ಒಂದು.

ಪ್ಯಾಡ್ ವಿಷಯವನ್ನೂ ಹೇಳಿಬಿಡುತ್ತೇನೆ. ಗಂಡಸರ ಸಭೆಯಲ್ಲಿ ಇದು ಯಾವತ್ತೂ ಬರುವುದಿಲ್ಲ. ಗಾಡಿಯಲ್ಲಿ ಬರುವ ಪೌರಕಾರ್ಮಿಕ ಅಮ್ಮ ಬರಿಗೈಯಲ್ಲಿ ಕವರ್ ಬಿಚ್ಚಿ ಒಂದೊಂದೇ ಬೇರೆ ಮಾಡುತ್ತಾ ನಿಂತಿರುತ್ತಾರೆ. ನ್ಯೂಸ್‌ಪೇಪರಿನಲ್ಲಿ ಸುತ್ತಿ ಮೇಲೆ ಒಂದು ಕೆಂಪು ಚುಕ್ಕೆ ಇಟ್ಟರೆ ಅವರು ಬಿಚ್ಚದೆ ಪಕ್ಕಕ್ಕೆ ಹಾಕುತ್ತಾರೆ. ಹಳೇ ಲಿಪ್‌ಸ್ಟಿಕ್ ಆದರೂ ಸಾಕು. ಇದನ್ನು ಮನೆಮನೆಗೆ ಹೇಳಲು ಹೆಂಗಸರೇ ಹೋಗಬೇಕು. ನಮ್ಮ ಬೀದಿಯ ಹೆಂಗಸರಲ್ಲಿ ಅರ್ಧಕ್ಕರ್ಧ ಬಾಡಿಗೆ ಮನೆಯವರು. ಅವರನ್ನು ಬಿಟ್ಟು ಯಾರ ಹತ್ತಿರ ಹೇಳೋದು?

ಪಿಜಿ_ಹುಡುಗ:
ಅಕ್ಕ ಹೇಳಿದ್ದು ನಿಜ. ನಾನೂ ಆ ಟ್ರಾನ್ಸ್‌ಫಾರ್ಮರ್ ಕಡೆಯವನೇ, ಬೇರೆ ಬಡಾವಣೆ ಅಷ್ಟೇ. ನಮ್ಮ ಪಿಜಿಯಲ್ಲಿ ಹಸಿ ಒಣ ಎಲ್ಲ ಒಂದೇ ದೊಡ್ಡ ಕಪ್ಪು ಕವರ್. ಪಿಜಿ ಕಸ ಅಂತ ಆಟೋದವರು ತೆಗೆದುಕೊಳ್ಳಲ್ಲ, ಓನರ್ ಬೇರೆ ಗಾಡಿಗೆ ದುಡ್ಡು ಕೊಡಲ್ಲ. ನಮ್ಮನ್ನು ಬೈಯುವುದು ಮಾತ್ರ ಇಡೀ ಬೀದಿ.

ಕಾರ್ನರ್‌ಸೈಟ್:
ಕಸಕ್ಕೆ ಸಾವಿರ ಕಾರಣ ಹೇಳಬಹುದು. ಪೂರ್ತಿ ತೆರಿಗೆ ಕಟ್ಟುವವರು ಓನರ್‌ಗಳು. ಅದನ್ನೂ ನೆನಪಿಟ್ಟುಕೊಳ್ಳಿ.

ವಕೀಲ_ಪಕ್ಕದಬೀದಿ:
ತೆರಿಗೆ ಕಟ್ಟುವ ಕೈ ಓನರ್‌ದು, ದುಡ್ಡು ಬಾಡಿಗೆಯವರದ್ದು. 2025ರ ಏಪ್ರಿಲ್‌ನಿಂದ ಕಸದ ಶುಲ್ಕವೂ ಆಸ್ತಿ ತೆರಿಗೆ ಜೊತೆಗೇ ಬರುತ್ತಿದೆ. ಅದಾದ ಮೇಲೆ ನಿಮ್ಮ ಬೀದಿಯಲ್ಲಿ ಬಾಡಿಗೆ ಎಷ್ಟು ಏರಿತು ಅಂತ ನಿಮಗೇ ಗೊತ್ತಿರುತ್ತೆ.

ಮಾಜಿ_ಕಾರ್ಯದರ್ಶಿ:
ನಾನು ಒಂದು ಸಂಘದಲ್ಲಿ ಕಾರ್ಯದರ್ಶಿಯಾಗಿದ್ದವನು. ಈಗ ಇಲ್ಲ, ಬಿಪಿ ಸರಿಯಾಗಿದೆ. ಮೊದಲಮಹಡಿ ಮೇಡಂ ಕೇಳಿದ ಎರಡನೇ ತೊಂದರೆ ಬಗ್ಗೆ ಯಾರೂ ಮಾತಾಡಲಿಲ್ಲ, ಮ್ಯಾನ್‌ಹೋಲ್ ಉಕ್ಕುವುದು. ನನ್ನ ಪ್ರಕಾರ ಬಾಡಿಗೆಯವರನ್ನು ಸಭೆಗೆ ಯಾಕೆ ಕರೆಯಬೇಕು ಅನ್ನುವುದಕ್ಕೆ ಉತ್ತರ ಅದರಲ್ಲೇ ಇದೆ.

ಮೊದಲು ಯಾರ ಕೆಲಸ ಯಾವುದು ಅಂತ ತಿಳಿದುಕೊಳ್ಳಬೇಕು. ಅರ್ಧ ದೂರುಗಳು ತಪ್ಪು ಕಚೇರಿಗೆ ಹೋಗಿ ಅಲ್ಲೇ ಕೂರುತ್ತವೆ. ರಸ್ತೆ ಪಕ್ಕದ ತೆರೆದ ಚರಂಡಿ, ಫುಟ್‌ಪಾತ್, ಬೀದಿ ದೀಪ, ಪಾರ್ಕು ಪಾಲಿಕೆಯದ್ದು. ಮ್ಯಾನ್‌ಹೋಲ್, ಒಳಚರಂಡಿ, ಕಾವೇರಿ ನೀರು ಜಲಮಂಡಳಿಯದ್ದು, ನಂಬರ್ 1916. ಕರೆಂಟು, ಟ್ರಾನ್ಸ್‌ಫಾರ್ಮರ್, ಜೋತುಬಿದ್ದ ವೈರು ಬೆಸ್ಕಾಂ, 1912. ಕಸ, ಗುಂಡಿ, ಬಿದ್ದ ಮರಕ್ಕೆ 1533. ಬೀದಿ ದೀಪ ಉರಿಯಲಿಲ್ಲ ಅಂತ ಬೆಸ್ಕಾಂಗೆ ಫೋನ್ ಮಾಡಿ ಬೈಯುವವರು ದಿನಾ ಸಿಗುತ್ತಾರೆ. ಕರೆಂಟು ಕೊಡುವುದು ಅವರೇ, ದೀಪ ನೋಡಿಕೊಳ್ಳುವುದು ಪಾಲಿಕೆ. ಕಂಬದ ಮೇಲೆ ಬರೆದಿರುವ ನಂಬರ್ ಹೇಳಿದರೆ ಕೆಲಸ ಬೇಗ ಆಗುತ್ತದೆ. "ಆ ದೊಡ್ಡ ಬೇವಿನ ಮರದ ಹತ್ತಿರ" ಅಂದರೆ ಆಗುವುದಿಲ್ಲ.

ಈಗ ಮ್ಯಾನ್‌ಹೋಲ್. ನಮ್ಮಲ್ಲೂ ಇದೇ ಕತೆ. ಮಳೆ ಬಂದಾಗಲೆಲ್ಲ ಉಕ್ಕುವುದು, ಜೆಟ್ಟಿಂಗ್ ಗಾಡಿ ಕರೆಸುವುದು, ಅವರು ಪೈಪಿಗೆ ನೀರು ಬಿಟ್ಟು ಕಟ್ಟಿಕೊಂಡಿದ್ದನ್ನು ಬಿಡಿಸಿ ಹೋಗುವುದು, ಮುಂದಿನ ಮಳೆಗೆ ಮತ್ತೆ. ದೂರು ಕೊಟ್ಟ ಪ್ರತಿ ಸಲವೂ 'ಬಗೆಹರಿಸಲಾಗಿದೆ' ಅಂತ ಮೆಸೇಜು. ಒಬ್ಬ ವಯಸ್ಸಾದ ಇಂಜಿನಿಯರ್ ಒಂದು ದಿನ ಬಂದರು. ಮ್ಯಾನ್‌ಹೋಲ್ ನೋಡಲೇ ಇಲ್ಲ. ತಲೆ ಎತ್ತಿ ಮನೆಗಳ ಟೆರೇಸ್ ಪೈಪು ನೋಡಿಕೊಂಡು ಬೀದಿ ಉದ್ದಕ್ಕೂ ನಡೆದರು. "ಬೇಸಿಗೆಯಲ್ಲಿ ಉಕ್ಕುತ್ತಾ?" ಅಂದರು. ಇಲ್ಲ ಅಂದೆವು. "ಹಾಗಾದರೆ ಇದು ನಿಮ್ಮ ಮನೆ ನೀರು, ನಮ್ಮ ಪೈಪಲ್ಲ" ಅಂದರು.

ವಿಷಯ ಇಷ್ಟೇ. ಒಳಚರಂಡಿ ಪೈಪು ಇರುವುದು ಬಚ್ಚಲು, ಅಡುಗೆಮನೆ, ಕಕ್ಕಸಿನ ನೀರಿಗೆ. ಮಳೆ ನೀರು ಹೋಗಬೇಕಾದದ್ದು ಇಂಗುಗುಂಡಿಗೆ, ಇಲ್ಲ ರಸ್ತೆ ಬದಿಯ ಚರಂಡಿಗೆ. ಆದರೆ ಮನೆ ಕಟ್ಟುವಾಗ ಮೇಸ್ತ್ರಿ ಸುಲಭ ಅಂತ ಟೆರೇಸಿನ ಪೈಪನ್ನು ಗೇಟಿನ ಒಳಗಿನ ಚೇಂಬರ್‌ಗೇ ಸೇರಿಸಿಬಿಡುತ್ತಾನೆ. ರಸ್ತೆಗೆ ಮೇಲಿಂದ ಮೇಲೆ ಡಾಂಬರು ಹಾಕಿ ಎತ್ತರ ಆದಮೇಲಂತೂ ಚರಂಡಿಗೆ ನೀರು ಹೋಗುವ ಓಟವೇ ಇರುವುದಿಲ್ಲ. ಒಂದು ತಾಸಿನ ಮಳೆಗೆ 30×40 ಟೆರೇಸಿನಿಂದ ಎಷ್ಟು ನೀರು ಇಳಿಯುತ್ತದೆ ಅಂತ ಲೆಕ್ಕ ಹಾಕಿ. 1200 ಚದರ ಅಡಿ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 5500 ಲೀಟರ್. ಹತ್ತಿರ ಹತ್ತಿರ ಒಂದು ಟ್ಯಾಂಕರ್. ಬೀದಿಯ ಇಪ್ಪತ್ತು ಮನೆಯವರು ಇಪ್ಪತ್ತು ಟ್ಯಾಂಕರ್ ನೀರನ್ನು ಒಂದೇ ಸಲ ಆ ಸಣ್ಣ ಪೈಪಿಗೆ ಸುರಿದರೆ ಅದು ಎಲ್ಲಿ ತಗ್ಗು ಇದೆಯೋ ಅಲ್ಲಿ ಮೇಲೆ ಬರುತ್ತದೆ. ಮೇಡಂ ಗೇಟಿನ ಮುಂದೆ ತಗ್ಗು ಇದೆ ಅಂತ ಕಾಣುತ್ತೆ, ಅಷ್ಟೇ.

ನಿಮ್ಮ ಮನೆ ಪೈಪು ಎಲ್ಲಿಗೆ ಸೇರಿದೆ ಅಂತ ತಿಳಿಯುವುದು ಸುಲಭ. ಬಟ್ಟೆಗೆ ಹಾಕುವ ನೀಲಿ ಒಂದು ಬಾಟಲ್ ತನ್ನಿ. ಎರಡು ಬಕೆಟ್ ನೀರಿಗೆ ಹಾಕಿ ಟೆರೇಸಿನ ತೂತಿಗೆ ಸುರಿಯಿರಿ. ಕೆಳಗೆ ಒಬ್ಬರು ಚೇಂಬರ್ ಮುಚ್ಚಳ ತೆಗೆದು ನೋಡುತ್ತಿರಲಿ. ನೀಲಿ ಅಲ್ಲಿ ಬಂದರೆ ಮುಗಿಯಿತು. ನಮ್ಮ ಬೀದಿಯಲ್ಲಿ ಒಂದು ಭಾನುವಾರ ಇದನ್ನೇ ಹಬ್ಬದ ಹಾಗೆ ಮಾಡಿದೆವು. ಮಕ್ಕಳೆಲ್ಲ ಟೆರೇಸ್ ಮೇಲೆ, ದೊಡ್ಡವರೆಲ್ಲ ಚೇಂಬರ್ ಹತ್ತಿರ ಬಗ್ಗಿಕೊಂಡು. "ಬಂತು ಬಂತು" ಅಂತ ಕೂಗಿದಾಗೆಲ್ಲ ಆ ಮನೆಯವರ ಮುಖ ನೋಡಬೇಕಿತ್ತು.

ಇಲ್ಲಿ ಬಾಡಿಗೆ ಪ್ರಶ್ನೆ ಬರುತ್ತದೆ ನೋಡಿ. ಆ ಭಾನುವಾರ ಬಾಗಿಲು ತೆಗೆದು ಟೆರೇಸಿಗೆ ಬಿಟ್ಟವರು ಬಾಡಿಗೆಯವರು. ಓನರ್ ಊರಲ್ಲೇ ಇಲ್ಲ. ಪೈಪು ತಿರುಗಿಸಲು ದುಡ್ಡು ಕೊಡಬೇಕಾದವರು ಓನರ್, ಉಕ್ಕಿದ ನೀರಲ್ಲಿ ನಡೆಯುವವರು ಬಾಡಿಗೆಯವರು. ಉಕ್ಕುವುದು ಯಾರಿಗೆ ಕಾಣುವುದಿಲ್ಲವೋ ಅವರಿಗೆ ಓಟು. ಯಾರ ಕಾಲಿಗೆ ತಾಗುತ್ತದೋ ಅವರಿಗೆ ಸಭೆಗೆ ಪ್ರವೇಶ ಇಲ್ಲ. ಇಂಥ ಸಂಘ ನಡೆಯುವುದಾದರೂ ಹೇಗೆ?

ಮೊದಲಮಹಡಿ:
ಸರ್, ಪೈಪು ತಿರುಗಿಸಲು ಎಲ್ಲರೂ ಒಪ್ಪಿದರಾ?

ಮಾಜಿ_ಕಾರ್ಯದರ್ಶಿ:
ಎಲ್ಲಿ ಒಪ್ಪುತ್ತಾರೆ! ಕೆಲವರು ಕೂಡಲೇ ಮಾಡಿಸಿದರು. ಕೆಲವರು ಗೇಟಿನ ಪಕ್ಕ ಸಿಮೆಂಟ್ ರಿಂಗು ಇಳಿಸಿ ಇಂಗುಗುಂಡಿ ಮಾಡಿಸಿದರು, ಕೆಳಗೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ. 2009ರಲ್ಲೇ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು 40×60ರ ಹಳೇ ಮನೆಗಳಿಗೆ, 30×40ರ ಹೊಸ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯ ಮಾಡಿದ್ದಾರೆ. ಕಾಗದದಲ್ಲಿ ಎಲ್ಲರ ಮನೆಯಲ್ಲೂ ಇದೆ. ಒಬ್ಬರ ಮನೆಯಲ್ಲಿ ಅದು ಡ್ರಮ್ಮಿನ ಆಕಾರದಲ್ಲಿ ಇತ್ತು, ಒಳಗೆ ಹಳೇ ಚಪ್ಪಲಿ.

2024ರ ಬೇಸಿಗೆ ಬಂದ ಮೇಲೆ ಉಳಿದವರಿಗೂ ಬುದ್ಧಿ ಬಂತು. ಬೋರ್‌ವೆಲ್ ಬತ್ತಿತು, ಟ್ಯಾಂಕರ್‌ನವರು ಕೇಳಿದ್ದೇ ರೇಟು. ಆಮೇಲೆ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 6000 ಲೀಟರಿಗೆ 600 ರೂಪಾಯಿ ಅಂತ ದರ ಕಟ್ಟಿತು. ದರ ಕಟ್ಟಿದರೆ ಆಯ್ತಾ, ಟ್ಯಾಂಕರ್ ಬರಬೇಕಲ್ಲ. ಸಂಘದವರು ಒಂದು ನೋಟ್‌ಬುಕ್ ಇಟ್ಟುಕೊಂಡು ಪಾಳಿ ಹಚ್ಚಿದರು. ಪಾಳಿಯಲ್ಲಿ ಓನರ್ ಯಾರು ಬಾಡಿಗೆ ಯಾರು ಅಂತ ಯಾರೂ ಕೇಳಲಿಲ್ಲ.

ಹಾಲಿ_ಕಾರ್ಯದರ್ಶಿ:
ಬೇರೆ ಬಡಾವಣೆಯ ಸಂಘದ ಕಾರ್ಯದರ್ಶಿ ನಾನು. ಇಷ್ಟು ಹೊತ್ತು ಓದುತ್ತಿದ್ದೆ. ಸಂಘದವರನ್ನು ಎಲ್ಲರೂ ಬೈಯುತ್ತೀರಿ, ನಮ್ಮ ಕಡೆಯದ್ದನ್ನೂ ಸ್ವಲ್ಪ ಕೇಳಿ.

ಇದು ಸಂಬಳದ ಕೆಲಸ ಅಲ್ಲ. ಬೆಳಗ್ಗೆ ವಾಕಿಂಗ್ ಹೋದರೆ ನಾಲ್ಕು ಜನ ಹಿಡಿದು ನಿಲ್ಲಿಸುತ್ತಾರೆ. ಒಬ್ಬರಿಗೆ ಪಕ್ಕದ ಮನೆಯ ನಾಯಿ, ಒಬ್ಬರಿಗೆ ಎದುರು ಮನೆಯ ಕಾರು, ಒಬ್ಬರಿಗೆ ಮೇಲಿನ ಮನೆಯ ಮಿಕ್ಸಿ. ಮೊದಲು ಕಾರ್ಪೊರೇಟರ್ ಇದ್ದರು, ಬೈದಾದರೂ ಕೆಲಸ ಮಾಡಿಸುತ್ತಿದ್ದೆವು. 2020ರ ಸೆಪ್ಟೆಂಬರ್‌ನಲ್ಲಿ ಅವರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಒಂದು ಪಾಲಿಕೆ ಹೋಗಿ ಐದಾಯಿತು, ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ. ವಾರ್ಡಿನ ಗಡಿ ಬದಲಾಯಿತು, ಇಂಜಿನಿಯರ್ ಬದಲಾದರು. ಯಾರಿಗೆ ಅರ್ಜಿ ಕೊಡಬೇಕು ಅಂತ ತಿಳಿಯಲಿಕ್ಕೇ ಎಷ್ಟೋ ಓಡಾಟ ಆಯಿತು.

ಹಳೇ ನಿಯಮದ ಪ್ರಕಾರ ವಾರ್ಡ್ ಸಮಿತಿಯಲ್ಲಿ ಹತ್ತು ಸದಸ್ಯರು, ಅದರಲ್ಲಿ ಮೂವರು ಹೆಂಗಸರು, ಇಬ್ಬರು ನಮ್ಮಂಥ ಸಂಘಗಳಿಂದ. ಹೈಕೋರ್ಟ್ ಬೆನ್ನು ಹತ್ತಿದ ಮೇಲೆ ಅದು ಶುರುವಾಗಿದ್ದು. ತಿಂಗಳ ಮೊದಲ ಶನಿವಾರ ಸಭೆ ಅಂತ ಮಾಡಿದ್ದರು. ಕೂತು ಮಾತಾಡುವ ಒಂದು ಜಾಗ ಅದು. ಅಂಥ ಸಭೆಗೆ ಯಾರು ಬರುತ್ತಿದ್ದರು ಅಂತ ಹೇಳಲಾ? ಅದೇ ಆರು ಜನ. ಬಾಡಿಗೆಯವರನ್ನೂ ಕರೆದಿದ್ದೆವು, ಒಬ್ಬರೂ ಬರಲಿಲ್ಲ. ಶನಿವಾರ ಮಲಗಿರುತ್ತಾರೆ. ಓಟು ಕೊಟ್ಟರೆ ಬಂದೇ ಬರುತ್ತಾರೆ ಅಂತ ಏನು ಗ್ಯಾರಂಟಿ?

ಎರಡನೇಕ್ರಾಸ್:
ಸರ್, ಹಾಗೇ ನಿಮ್ಮ ಗೇಟಿನ ವಿಷಯವನ್ನೂ ಹೇಳಿ. ರಾತ್ರಿ ಹತ್ತಕ್ಕೆ ನಾಲ್ಕು ಕ್ರಾಸ್‌ಗೆ ಗೇಟ್ ಹಾಕಿ ಬೀಗ ಜಡಿಯುತ್ತಾರೆ ಇಂಥ ಸಂಘಗಳು. ನಮ್ಮ ಕಡೆ ಒಂದು ರಾತ್ರಿ ಆಂಬುಲೆನ್ಸ್ ಬಂದು ಗೇಟಿನ ಹತ್ತಿರ ನಿಂತು ಹಾರ್ನ್ ಹೊಡೆಯಿತು. ಕೀಲಿ ಇದ್ದ ವಾಚ್‌ಮನ್ ಬೇರೆ ಕ್ರಾಸಿನಲ್ಲಿ. ಸ್ಟ್ರೆಚರ್‌ನಲ್ಲೇ ತಳ್ಳಿಕೊಂಡು ಹೋದರು.

ಹಾಲಿ_ಕಾರ್ಯದರ್ಶಿ:
ಸರ ಕಿತ್ತುಕೊಂಡು ಹೋದಾಗ ಗೇಟ್ ಹಾಕಿಸಿ ಅಂತ ಬಂದವರೂ ನೀವೇ. ನಾವು ಗೇಟಿಗೆ ವಾಚ್‌ಮನ್ ಕೂರಿಸಿದ್ದೇವೆ, ಬೀಗ ಇಲ್ಲ.

ವಕೀಲ_ಪಕ್ಕದಬೀದಿ:
ಬೀಗ ಹಾಕುವ ಹಾಗೇ ಇಲ್ಲ. ರಸ್ತೆ ಸಾರ್ವಜನಿಕರದ್ದು. ಒಂದು ಸಂಘ ಸೇರಿ ಅದನ್ನು ಮುಚ್ಚಲು ಬರುವುದಿಲ್ಲ. ಅನುಮತಿ ಇಲ್ಲದ ಗೇಟನ್ನು ಪಾಲಿಕೆ ಕಿತ್ತು ಹಾಕಬಹುದು.

ಪಾರ್ಕಿನ ವಿಷಯದಲ್ಲಿ ಮಾತ್ರ ನಿವಾಸಿಗಳ ಕೈ ಬಲವಾಗಿದೆ. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಕೊನೆಗೆ 1991ರಲ್ಲಿ ಸುಪ್ರೀಂ ಕೋರ್ಟ್ ಕೂಡ ನಿವಾಸಿಗಳ ಪರವಾಗಿ ಹೇಳಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಮತ್ತು ಮುದ್ದಪ್ಪ ಪ್ರಕರಣ ಅಂತ. ಪಾರ್ಕಿನ ಜಾಗ ಯಾರೋ ಮುಟ್ಟುತ್ತಾರೆ ಅಂದಾಗಲೆಲ್ಲ ದೇಶದ ವಕೀಲರು ಇವತ್ತಿಗೂ ತೆಗೆಯುವ ತೀರ್ಪು ಅದು.

ಬ್ರೌನಿಯ_ಅಮ್ಮ:
ನಾಯಿ ಅಂತ ಒಂದು ಪದ ಬಂತು, ಅದಕ್ಕೇ ಬಂದೆ. ಬೀದಿ ನಾಯಿಗಳಿಗೆ ಅನ್ನ ಹಾಕುವವಳು ನಾನು. ಸಂಘದವರು ಕೂಗಾಡಿದ್ದಾರೆ, ಒಬ್ಬರು ಕೋಲು ಹಿಡಿದುಕೊಂಡು ಬಂದಿದ್ದರು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದಲ್ಲಿ ಅನ್ನ ಹಾಕಲು ಜಾಗ ಗೊತ್ತುಮಾಡುವುದು ಸಂಘದ್ದೇ ಜವಾಬ್ದಾರಿ ಅಂತ ಇದೆ. ಮಕ್ಕಳು ಆಡುವ ಕಡೆ ಬೇಡ, ಓಡಾಡುವ ಬಾಗಿಲಲ್ಲಿ ಬೇಡ. ನಾನೂ ಅದನ್ನೇ ಕೇಳುತ್ತಿರುವುದು, ಒಂದು ಜಾಗ ತೋರಿಸಿ.

ಎರಡನೇಕ್ರಾಸ್:
ನನ್ನ ಮಗಳ ಸೈಕಲ್ ಹಿಂದೆ ಓಡಿ ಬರುತ್ತವೆ ಅಕ್ಕ. ಅವಳು ಈಗ ಸೈಕಲ್ ಮುಟ್ಟಲ್ಲ. ನಿಯಮ ಓದಿ ಹೇಳಿದರೆ ಅವಳ ಭಯ ಹೋಗುತ್ತಾ?

ಬ್ರೌನಿಯ_ಅಮ್ಮ:
ಹೋಗಲ್ಲ, ಒಪ್ಪುತ್ತೇನೆ. ಓಡಿ ಬರುವ ನಾಯಿಯ ಕಿವಿ ನೋಡಿದ್ದೀರಾ? ಆಪರೇಷನ್ ಆಗಿದ್ದರೆ ಕಿವಿಯ ತುದಿ ಕತ್ತರಿಸಿರುತ್ತಾರೆ. ಕತ್ತರಿಸಿಲ್ಲ ಅಂದರೆ ಪಾಲಿಕೆಯ ಪಶುಪಾಲನಾ ವಿಭಾಗಕ್ಕೆ ಹೇಳಿ ಹಿಡಿಸೋಣ, ನಾನೇ ಜೊತೆಗೆ ನಿಲ್ಲುತ್ತೇನೆ. ನನ್ನ ಕೈಗೆ ಬರುತ್ತವೆ, ಗಾಡಿ ನೋಡಿದರೆ ಓಡುತ್ತವೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಬೀದಿಯಲ್ಲಿ ಎಲ್ಲೆಂದರಲ್ಲಿ ಹಾಕಬೇಡಿ, ಗೊತ್ತುಮಾಡಿದ ಜಾಗದಲ್ಲೇ ಹಾಕಿ ಅಂದಿದೆ. ನಮ್ಮ ಸಂಘದಲ್ಲಿ ಇದನ್ನು ಮಾತಾಡೋಣ ಅಂದರೆ ಉತ್ತರ ಏನು ಗೊತ್ತಾ? ನೀವು ಬಾಡಿಗೆಯವರು.

ಮೈಸೂರು_ಮಾವ:
ನಮ್ಮ ಮೈಸೂರಿನಲ್ಲಿ ಇಷ್ಟು ಜಗಳ ಇಲ್ಲಪ್ಪ. ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತಾಗ ಎಲ್ಲ ಮಾತಾಗಿರುತ್ತದೆ. ಗಣೇಶ ಕೂರಿಸುವಾಗ ಮಾತ್ರ ಒಂದು ಸಲ, ರಾತ್ರಿ ಹತ್ತರ ಮೇಲೆ ಸ್ಪೀಕರ್ ಹಾಕಬಾರದು ಅಂತ ನಿಯಮ ಇದ್ದರೂ ಹಾಕುತ್ತಾರೆ, ನಾವು ಬೈಯುತ್ತೇವೆ, ಪ್ರಸಾದ ಕೊಡುತ್ತಾರೆ, ಸುಮ್ಮನಾಗುತ್ತೇವೆ.

ಮೂಲೆಮನೆ_ಅಕ್ಕ:
ಮಾವ, ಕಲ್ಲುಬೆಂಚಿನ ಮೇಲೆ ಹೆಂಗಸರು ಎಷ್ಟು ಜನ ಕೂರುತ್ತಾರೆ?

ಮೈಸೂರು_ಮಾವ:
ಅವರದ್ದು ದೇವಸ್ಥಾನದ ಕಟ್ಟೆ ತಾಯಿ. ಅಲ್ಲಿ ಇನ್ನೂ ಬೇಗ ತೀರ್ಮಾನ ಆಗುತ್ತೆ.

ಮಾಜಿ_ಕಾರ್ಯದರ್ಶಿ:
ಹಾಲಿ ಕಾರ್ಯದರ್ಶಿಯವರು ಕೇಳಿದ್ದು ಒಳ್ಳೇ ಪ್ರಶ್ನೆ, ಓಟು ಕೊಟ್ಟರೆ ಬಾಡಿಗೆಯವರು ಬರುತ್ತಾರಾ ಅಂತ. ಸುಮ್ನೆ ಕರೆದರೆ ಬರುವುದಿಲ್ಲ. ನಮ್ಮಲ್ಲಿ ಬಂದದ್ದು ಕೆಲಸ ಕೊಟ್ಟಾಗ. ಚರಂಡಿ ಕಾಮಗಾರಿ ಆಯಿತು ಅಂತ ಬೋರ್ಡ್ ಹಾಕಿದ್ದರು, ನೋಡಿದರೆ ಅರ್ಧಕ್ಕೆ ನಿಂತಿತ್ತು. ಬಾಡಿಗೆಗಿದ್ದ ಒಬ್ಬ ಹುಡುಗ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ. ಹತ್ತು ರೂಪಾಯಿ ಫೀಸು, 30 ದಿನದಲ್ಲಿ ಉತ್ತರ ಕೊಡಬೇಕು. 'ಚರಂಡಿ ಯಾಕೆ ಆಗಿಲ್ಲ' ಅಂತ ಅವನು ಕೇಳಲಿಲ್ಲ. ಹಾಗೆ ಕೇಳಿದರೆ ಅವರು ಉತ್ತರ ಕೊಡುವುದೇ ಇಲ್ಲ. ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ನಕಲು ಕೊಡಿ ಅಂತ ಕೇಳಿದ. ಅಳತೆ ಪುಸ್ತಕ ಕೈಗೆ ಬಂದ ಮೇಲೆ ಟೇಪು ಹಿಡಿದು ಬೀದಿಯಲ್ಲಿ ಅಳೆದೆವು. ಬರೆದಿದ್ದ ಉದ್ದ ಒಂದು, ಇದ್ದ ಉದ್ದ ಒಂದು. ಎರಡನ್ನೂ ಪಕ್ಕಪಕ್ಕ ಬರೆದು ಕೊಟ್ಟ ಮೇಲೆ ಉಳಿದದ್ದು ಆಯಿತು. ಸಂಘದ ಲೆಟರ್‌ಹೆಡ್ಡಿನಲ್ಲಿ ವರ್ಷಗಟ್ಟಲೆ ಬರೆದ ಮನವಿ ಪತ್ರಗಳಿಂದ ಆಗದ ಕೆಲಸ.

ಆ ಹುಡುಗ ಮರುವರ್ಷ ಪುಣೆಗೆ ಹೋದ. ಹೋಗಲಿ ಬಿಡಿ. ಚರಂಡಿ ಇಲ್ಲೇ ಇದೆಯಲ್ಲ.

ಕಾರ್ನರ್‌ಸೈಟ್:
ನಾನು ಬಾಡಿಗೆಯವರ ವಿರೋಧಿ ಅಲ್ಲ. ನನ್ನ ಮನೆಯಲ್ಲೇ ಮೂರು ಜನ ಇದ್ದಾರೆ. ಹೆದರಿಕೆ ಏನು ಅಂದರೆ, ನಾಳೆ ಪಿಜಿಯಲ್ಲಿರುವ ಅರವತ್ತು ಹುಡುಗರೂ ಸದಸ್ಯರಾಗಿ ಬಂದು ಕೂತರೆ ಸಂಘವೇ ಅವರದ್ದಾಗುತ್ತೆ. ಆಮೇಲೆ ಪಾರ್ಕಿನಲ್ಲಿ ರಾತ್ರಿ ಒಂದರವರೆಗೆ ಕ್ರಿಕೆಟ್. ಅದಕ್ಕೆ ಏನು ಹೇಳುತ್ತೀರಿ?

ವಕೀಲ_ಪಕ್ಕದಬೀದಿ:
ಇದು ನ್ಯಾಯವಾದ ಹೆದರಿಕೆ. ಕೆಲವು ಕಡೆ ಮನೆಗೆ ಒಂದು ಓಟು ಅಂತ ಇಟ್ಟುಕೊಂಡಿದ್ದಾರೆ, ತಲೆಗೆ ಒಂದಲ್ಲ. ಮನೆಯಲ್ಲಿ ಯಾರು ವಾಸ ಇದ್ದಾರೋ ಅವರಿಗೆ ಆ ಓಟು. ಓನರ್ ಅಲ್ಲೇ ಇದ್ದರೆ ಓನರ್, ಇಲ್ಲದಿದ್ದರೆ ಬಾಡಿಗೆಯವರು. ಸಂಘದ ಆಸ್ತಿ, ಕೋರ್ಟ್ ಕೇಸು ಇಂಥದ್ದಕ್ಕೆ ಓನರ್ ಓಟು ಮಾತ್ರ ಅಂತ ಬೇರೆ ಇಡಬಹುದು. ಒಂದು ಪಿಜಿಗೆ ಒಂದು ಓಟು. ಇದೆಲ್ಲ ಬೈಲಾದಲ್ಲಿ ಬರೆಯುವ ಮಾತು.

ಪಿಜಿ_ಹುಡುಗ:
ಅರವತ್ತು ಜನಕ್ಕೆ ಒಂದು ಓಟು. ಪರವಾಗಿಲ್ಲ, ಈಗ ಇರುವುದಕ್ಕಿಂತ ಒಂದು ಜಾಸ್ತಿ.

ಮೊದಲಮಹಡಿ:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಆ ಹಿರಿಯರು ಮತ್ತೆ ಬಂದಿದ್ದರು. ಕೂರಿಸಿ ಕಾಫಿ ಕೊಟ್ಟು ಮಾತಾಡಿದೆ. ದುಡ್ಡು ಕೊಟ್ಟೆ, ರಸೀದಿ ಓನರ್ ಹೆಸರಿಗೆ ಬೇಡ, ನನ್ನ ಹೆಸರಿಗೇ ಬರೆಯಿರಿ ಅಂದೆ. ಬರೆದರು. ಹೋದ ವರ್ಷದ ಲೆಕ್ಕ ನೋಡಬಹುದಾ ಅಂದಾಗ ಒಬ್ಬರು ಸ್ವಲ್ಪ ಗಂಭೀರ ಆದರು, ಇನ್ನೊಬ್ಬರು "ನೋಡಲಿ ಬಿಡಿ, ಕೇಳುವವರೇ ಇರಲಿಲ್ಲ" ಅಂದರು. ಮ್ಯಾನ್‌ಹೋಲ್ ವಿಷಯದಲ್ಲಿ ನೀಲಿ ಹಾಕಿ ನೋಡುವುದನ್ನು ಹೇಳಿದೆ. ಅವರಿಗೆ ಅದು ಬಹಳ ಇಷ್ಟ ಆಯಿತು, ಮೊದಲು ನಮ್ಮ ಮನೆಯಲ್ಲೇ ಮಾಡೋಣ ಅಂದರು. ಶಿವಮೊಗ್ಗಕ್ಕೆ ಫೋನ್ ಮಾಡಿ ಟೆರೇಸ್ ಬೀಗದ ಕೀಲಿ ಎಲ್ಲಿದೆ ಅಂತ ಕೇಳಬೇಕು.

ವಾರ್ಷಿಕ ಸಭೆ ಮುಂದಿನ ಭಾನುವಾರ ಅಂತೆ. ಕೂರಬಹುದು, ಮಾತಾಡಬಹುದು, ಓಟು ಇಲ್ಲ ಅಂದರು. ಬೈಲಾ ತಿದ್ದುವ ವಿಷಯವನ್ನು ಅವತ್ತೇ ಎತ್ತಬಹುದಾ?

ವಕೀಲ_ಪಕ್ಕದಬೀದಿ:
ಮಾತಾಗಿ ಎತ್ತಿ, ತೀರ್ಮಾನಕ್ಕೆ ಹೋಗಬೇಡಿ. ಬೈಲಾ ತಿದ್ದುಪಡಿ ಅಂತ ಅಜೆಂಡಾದಲ್ಲಿ ಬರೆದು ಸದಸ್ಯರಿಗೆಲ್ಲ ಮೊದಲೇ ನೋಟಿಸ್ ಹೋಗಿರಬೇಕು. ಎಷ್ಟು ದಿನ ಮುಂಚೆ ಅಂತ ನಿಮ್ಮ ಬೈಲಾದಲ್ಲೇ ಇರುತ್ತದೆ. ಅದು ತಪ್ಪಿದರೆ ಯಾರಾದರೂ ಒಬ್ಬರು ತಕರಾರು ಹಾಕಿದರೂ ತಿದ್ದುಪಡಿ ಬಿದ್ದುಹೋಗುತ್ತದೆ. ಈ ಸಲ ಬೈಲಾದ ಒಂದು ನಕಲು ಕೇಳಿ ತೆಗೆದುಕೊಳ್ಳಿ. ವಿಶೇಷ ಸಭೆ ಕರೆಯಲು ಎಷ್ಟು ಸದಸ್ಯರ ಸಹಿ ಬೇಕು ನೋಡಿ, ಅಷ್ಟು ಓನರ್‌ಗಳು ಸಿಗುತ್ತಾರಾ ಅಂತ ಬೀದಿಯಲ್ಲಿ ವಿಚಾರಿಸಿ.

ಕಾರ್ನರ್‌ಸೈಟ್:
ಮನೆಗೆ ಒಂದು ಓಟು ಅಂತಾದರೆ ನಮ್ಮ ಸಂಘದಲ್ಲಿ ನಾನೂ ಸಹಿ ಹಾಕುತ್ತೇನೆ. ಪಿಜಿ ಬಗ್ಗೆ ಆಮೇಲೆ ಜಗಳ ಆಡೋಣ.